ಮೇಜರರ ಪಟಾಲಂ, ನನ್ನ ಮೂವತ್ತು ದಿನದ ರಜೆ

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ, ನನಗೆ ಹೋದಲ್ಲೆಲ್ಲ ನನ್ನದಲ್ಲದ ಕೆಲಸ ಸಿಗುತ್ತದೆ. ದುಬೈಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ವೀಸಾದಲ್ಲಿ ಕ್ಲರ್ಕ್ ಅಂತ ಉಂಟು. ಆದರೆ ಈ ಇಪ್ಪತ್ತೆರಡು ವರ್ಷದಲ್ಲಿ ನಾನು ಒಬ್ಬ ಯಜಮಾನರ ಬೆಕ್ಕಿಗೆ ಇಂಜೆಕ್ಷನ್ ಕೊಡಿಸಿದ್ದೇನೆ, ಇನ್ನೊಬ್ಬರ ಮಗಳ ಪಿಯಾನೋವನ್ನು ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಾಳಿಗೆಗೆ ಹತ್ತಿಸಿದ್ದೇನೆ, ಮತ್ತೊಬ್ಬರ ಅತ್ತೆಗೆ ಈಜು ಕಲಿಸುವವರನ್ನು ಹುಡುಕಿ ಕೊಟ್ಟಿದ್ದೇನೆ. ಬ್ರಿಟಿಷ್ ಸೈನ್ಯದ ಚರಿತ್ರೆ ಬರೆಯುವುದೊಂದು ಬಾಕಿ ಇತ್ತು. ಹೋದ ವರ್ಷ ಅದೂ ಆಯಿತು.

ಈಗಿನ ನನ್ನ ಯಜಮಾನರು ಇಂಗ್ಲೆಂಡಿನವರು. ವಯಸ್ಸು ಎಪ್ಪತ್ತರ ಹತ್ತಿರ. ದುಬೈಯ ರಾಸ್ ಅಲ್ ಖೋರ್‌ನಲ್ಲಿ ಅವರದ್ದೊಂದು ಅಂಗಡಿ ಉಂಟು. ಎಡಗಡೆ ಗ್ಯಾರೇಜು, ಬಲಗಡೆ ಗ್ಯಾರೇಜು, ಎದುರಿಗೆ ಹಳೇ ಗಾಡಿಗಳ ಬಿಡಿಭಾಗ ಮಾರುವವರು. ನಡುವೆ ನಾವು, ವಾಕಿಟಾಕಿ ಬಾಡಿಗೆಗೆ ಕೊಡುವವರು. ಹೋಟೆಲಿನ ಸೆಕ್ಯೂರಿಟಿಯವರಿಗೆ, ಕ್ರೇನ್ ಓಡಿಸುವವರಿಗೆ, ಮದುವೆ ಮಾಡಿಸುವ ಕಂಪೆನಿಯವರಿಗೆ ಕೊಡುವುದು, ಕೆಟ್ಟು ವಾಪಸ್ ಬಂದದ್ದನ್ನು ರಿಪೇರಿ ಮಾಡುವುದು. ಅಂಗಡಿಯಲ್ಲಿ ಇರುವುದು ಮೂರೇ ಜನ: ಯಜಮಾನರು, ನಾನು, ಮತ್ತೆ ಪೇಶಾವರದ ಒಬ್ಬ ಟೆಕ್ನಿಷಿಯನ್. ಅವನು ಮಾತು ಕಡಿಮೆ, ಎಲ್ಲದಕ್ಕೂ ‘ಖಲಾಸ್’ ಅಂತ ಒಂದು ಶಬ್ದದಲ್ಲಿ ಮುಗಿಸುತ್ತಾನೆ.

ಯಜಮಾನರನ್ನು ಎಲ್ಲರೂ ಮೇಜರ್ ಅಂತಲೇ ಕರೆಯುವುದು. ಅವರು ಪೂರ್ತಿ ಸೈನಿಕರಲ್ಲ. ನಮ್ಮಲ್ಲಿ ಹೋಮ್‌ಗಾರ್ಡ್ ಇಲ್ಲವಾ, ಸುಮಾರಾಗಿ ಹಾಗೆ. ಇಂಗ್ಲೆಂಡಿನಲ್ಲಿದ್ದಾಗ ಸೋಮವಾರದಿಂದ ಶುಕ್ರವಾರದವರೆಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ, ಶನಿವಾರ ಭಾನುವಾರ ಯೂನಿಫಾರ್ಮು. ರಿಸರ್ವ್ ಸೈನ್ಯದ ಸಿಗ್ನಲ್ಸ್ ಪಟಾಲಂ ಅದು. ಅಂದರೆ ಬಂದೂಕಿನವರಲ್ಲ, ವಯರ್‌ಲೆಸ್ಸಿನವರು. ಒಂದು ಕಡೆಯ ಮಾತನ್ನು ಇನ್ನೊಂದು ಕಡೆಗೆ ಮುಟ್ಟಿಸುವುದೇ ಅವರ ಕೆಲಸ. ಅಲ್ಲಿಯ ಹಳಬರ ಸಂಘದವರು ಒಂದು ದಿನ ಮೇಜರರಿಗೆ ಕಾಗದ ಬರೆದರು. ನಮ್ಮ ಪಟಾಲಮಿನ ಚರಿತ್ರೆ ಯಾರೂ ಬರೆದಿಲ್ಲ, ನಿಮಗೆ ಆಫೀಸು ಉಂಟು, ಟೈಪ್ ಮಾಡುವ ಜನ ಉಂಟು, ನೀವೇ ಬರೆಯಿರಿ ಅಂತ.

ಟೈಪ್ ಮಾಡುವ ಜನ ಅಂದರೆ ನಾನು.

ಯಾರ ಜೊತೆ ಯುದ್ಧ

ಇಂಗ್ಲೆಂಡಿನಿಂದ ಹನ್ನೊಂದು ರಟ್ಟಿನ ಪೆಟ್ಟಿಗೆ ಬಂತು. ಪಟಾಲಮಿನ ಹಳೇ ಕಾಗದಪತ್ರ. ನಾನೂ ಟೆಕ್ನಿಷಿಯನ್ನೂ ಸೇರಿ ಒಳಗೆ ಹೊತ್ತು ಹಾಕಿದೆವು. ಆಗಸ್ಟ್ ತಿಂಗಳು, ರಾಸ್ ಅಲ್ ಖೋರ್, ಬಿಸಿಲಿನ ವಿಷಯ ಬೇರೆ ಹೇಳಬೇಕಾಗಿಲ್ಲ. ಒಳಗೆ ಯುದ್ಧದ ರಹಸ್ಯಗಳೇ ಇರಬಹುದು ಅಂತ ನಾನು ಸ್ವಲ್ಪ ಉಮೇದಿನಲ್ಲೇ ಬಿಚ್ಚಿದೆ.

ಮೊದಲನೇ ಪೆಟ್ಟಿಗೆಯಲ್ಲಿ ಚಹಾಪುಡಿಯ ಬಗ್ಗೆ ಪತ್ರಗಳು. ಕ್ಯಾಂಪಿಗೆ ಕಳಿಸಿದ ಚಹಾಪುಡಿ ಸಾಲಲಿಲ್ಲ ಅಂತ ಇವರು ಬರೆದದ್ದು, ಸಾಲಬೇಕಿತ್ತು ಅಂತ ಮೇಲಿನವರು ಬರೆದದ್ದು. ಎರಡನೇ ಪೆಟ್ಟಿಗೆಯಲ್ಲಿ ಡೇರೆ ಸೋರಿದ್ದರ ಬಗ್ಗೆ. ಮೂರನೆಯದರಲ್ಲಿ ಮತ್ತೆ ಚಹಾಪುಡಿ. ಆರನೇ ಪೆಟ್ಟಿಗೆಯಲ್ಲಿ ಒಂದು ಕೆಟಲ್ ಕಳೆದುಹೋದದ್ದಕ್ಕೆ ಮೂವತ್ತೆರಡು ಪುಟದ ವಿಚಾರಣೆ, ಸಾಕ್ಷಿಗಳ ಹೇಳಿಕೆ ಸಮೇತ. ನಾನು ಒಂದು ವಾರ ಕೂತು ಎಲ್ಲವನ್ನೂ ವಿಂಗಡಿಸಿದೆ. ಚಹಾ ಅಂತ ಒಂದು ಫೈಲು, ಮಳೆ ಅಂತ ಒಂದು ಫೈಲು, ಇತರೆ ಅಂತ ಒಂದು ಫೈಲು. ಇತರೆ ತುಂಬ ತೆಳ್ಳಗಿತ್ತು.

ಕೊನೆಗೆ ತಡೆಯಲಾರದೆ ಕೇಳಿದೆ. “ಸರ್, ತಪ್ಪು ತಿಳಿಯಬೇಡಿ. ನಿಮ್ಮ ಕಾಲದಲ್ಲಿ ಈ ಪಟಾಲಂ ಯಾರ ಜೊತೆ ಯುದ್ಧ ಮಾಡಿತು?”

ಮೇಜರ್ ಕನ್ನಡಕ ತೆಗೆದು ಒರಸಿದರು. ಬಹಳ ಹೊತ್ತು ಯೋಚನೆ ಮಾಡಿದರು.

“ಹೆಚ್ಚಾಗಿ ಸ್ಟೋರ್ ಕೀಪರನ ಜೊತೆ” ಅಂದರು.

ಕೇಳಿಸಿತು

ಇಲ್ಲಿ ನನ್ನ ಮನೆಯ ವಿಷಯ ಸ್ವಲ್ಪ ಹೇಳಬೇಕು. ಸುರತ್ಕಲ್ ಕಡೆ ನಾನೊಂದು ಮನೆ ಕಟ್ಟಿಸಿದ್ದೇನೆ. ಹೋದ ವರ್ಷಕ್ಕೆ ಕಟ್ಟಿ ಮುಗಿದು ಐದು ವರ್ಷವಾಗಿತ್ತು, ಮನೆ ಒಕ್ಕಲು, ಅಂದರೆ ಗೃಹಪ್ರವೇಶ, ಆಗಿರಲಿಲ್ಲ. ಒಂದು ಸಲ ದಿನ ಗೊತ್ತು ಮಾಡಿದಾಗ ಕೊರೋನಾ ಬಂತು. ಇನ್ನೊಂದು ಸಲ ಮೇಜರರ ಮೊಣಕಾಲಿನ ಆಪರೇಷನ್ ಬಂತು. ಯಜಮಾನ ಇಲ್ಲದೆ ಮನೆ ಒಕ್ಕಲು ಮಾಡುವುದು ಹೇಗೆ ಅಂತ ಹೆಂಡತಿ ಹಟ ಹಿಡಿದಿದ್ದಳು. ಅವಳೂ ಮಕ್ಕಳೂ ಪಕ್ಕದ ಓಣಿಯಲ್ಲಿ ಬಾಡಿಗೆಗೆ ಇದ್ದದ್ದು. ದಿನಾ ಸಂಜೆ ಹೊಸ ಮನೆಗೆ ಹೋಗಿ ಗುಡಿಸಿ, ಒರಸಿ, ಬೀಗ ಹಾಕಿ, ಬಾಡಿಗೆ ಮನೆಗೆ ಬಂದು ಮಲಗುತ್ತಿದ್ದಳು. ನಾನಿಲ್ಲಿ ಇಂಟರ್‌ನ್ಯಾಷನಲ್ ಸಿಟಿ ಅನ್ನುವ ಏರಿಯಾದಲ್ಲಿ ನಾಲ್ಕು ಜನರ ರೂಮಿನಲ್ಲಿ ಮೇಲಿನ ಮಂಚದಲ್ಲಿ ಮಲಗುತ್ತಿದ್ದೆ. ಐದು ಕೋಣೆಯ ಮನೆಯಲ್ಲಿ ಮಲಗುವವರು ಯಾರೂ ಇರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ಇದು ನಮ್ಮಲ್ಲಿ ಅರ್ಧ ಜನರ ಕತೆ.

ಈ ಸಲ ಏನಾದರಾಗಲಿ ಅಂತ ಮೇಜರರ ಹತ್ತಿರ ಹೋಗಿ ಮೂವತ್ತು ದಿನದ ರಜೆ ಕೇಳಿದೆ. ಅವರಿಗೆ ಬಾಯಿಮಾತು ಆಗುವುದಿಲ್ಲ. ಪಟಾಲಮಿನಲ್ಲಿ ಕಲಿತ ಅಭ್ಯಾಸ, ಇವತ್ತಿಗೂ ಬಿಟ್ಟಿಲ್ಲ. ಏನು ಹೇಳುವುದಿದ್ದರೂ ಒಂದು ಫಾರಂ ಉಂಟು. ಅದರಲ್ಲಿ ನಂಬರ್ ಹಾಕಬೇಕು, ಯಾರಿಂದ ಯಾರಿಗೆ ಅಂತ ಬರೆಯಬೇಕು, ಗಂಟೆ ನಿಮಿಷ ಬರೆಯಬೇಕು. ಅವರು ಹೇಳಿದ್ದನ್ನು ನಾವು ತಿರುಗಿ ಹೇಳಬೇಕು. “ಒಂದು ಚಹಾ, ಸಕ್ಕರೆ ಬೇಡ” ಅಂತ ಅವರು ಹೇಳಿದರೆ “ಒಂದು ಚಹಾ, ಸಕ್ಕರೆ ಬೇಡ” ಅಂತ ನಾನು. “ಸರಿ” ಅಂತ ಅವರು. ಆಮೇಲೆಯೇ ಚಹಾ.

ನಾನೂ ಫಾರಂ ತುಂಬಿಸಿ ಕೊಟ್ಟೆ. ಕ್ಲರ್ಕ್‌ನಿಂದ ಮೇಜರರಿಗೆ, ವಿಷಯ ಮನೆ ಒಕ್ಕಲು, ಮೂವತ್ತು ದಿನ. ಮೇಜರ್ ಗಂಭೀರವಾಗಿ ಓದಿದರು. ಗಡಿಯಾರ ನೋಡಿ ಗಂಟೆ ಬರೆದರು. “ರೋಜರ್” ಅಂದರು.

ಅಲ್ಹಮ್ದುಲಿಲ್ಲಾ ಅಂತ ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದೆ. ಅವಳು ಮರುದಿನವೇ ಮಸೀದಿಯ ಉಸ್ತಾದರನ್ನು ಕೇಳಿ ದಿನ ಗೊತ್ತು ಮಾಡಿದಳು. ಬಿರಿಯಾನಿ ಮಾಡುವವರಿಗೆ ಹೇಳಿದಳು. ನಾದಿನಿಯರಿಗೆ ಹೇಳಿದಳು, ನಾದಿನಿಯರು ಊರಿಗೇ ಹೇಳಿದರು. ಎರಡು ವಾರ ಬಿಟ್ಟು ನಾನು ಟಿಕೆಟಿನ ವಿಷಯ ಎತ್ತಿದೆ. ಮೇಜರ್ ತಲೆ ಎತ್ತಿ “ಯಾವ ಟಿಕೆಟ್?” ಅಂದರು.

“ರಜೆ ಸರ್. ನೀವು ರೋಜರ್ ಅಂದಿರಲ್ಲ.”

“ಹೌದು. ರೋಜರ್ ಅಂದರೆ ನಿಮ್ಮ ಮಾತು ನನಗೆ ಕೇಳಿಸಿತು ಅಂತ. ಹಾಗೇ ಮಾಡುತ್ತೇನೆ ಅಂತ ಅಲ್ಲ. ಅದಕ್ಕೆ ಬೇರೆ ಶಬ್ದ ಉಂಟು, ಅದನ್ನು ನಾನು ಹೇಳಿಲ್ಲ. ಪುಸ್ತಕ ಮುಗಿಯಲಿ, ಆವತ್ತೇ ಸಹಿ ಹಾಕುತ್ತೇನೆ.”

ಆವತ್ತು ನನಗೆ ನಿಜವಾಗಿ ಅಳು ಬಂತು. ರೂಮಿಗೆ ಹೋಗಿ ಹೆಂಡತಿಗೆ ಫೋನ್ ಮಾಡಿ ವಿಷಯ ಹೇಳಿದೆ. ಕೇಳಿಸಿತು ಅಂದರೆ ಒಪ್ಪಿದ್ದು ಅಂತ ಅರ್ಥವಲ್ಲವಂತೆ, ಎಂಥ ಜನ ನೋಡು, ಅಂದೆ.

“ಅದರಲ್ಲಿ ಎಂತ ಉಂಟು” ಅಂದಳು ಅವಳು. “ಇಪ್ಪತ್ತು ವರ್ಷದಿಂದ ನೀವು ಫೋನಿನಲ್ಲಿ ಹೂಂ ಹೂಂ ಅನ್ನುವುದು ಮತ್ತೆ ಏನು?”

ಕಾಣೆಯಾದ ಸೈನಿಕ

ಅಂತೂ ಒಕ್ಕಲಿಗೆ ಎರಡು ತಿಂಗಳು ಇತ್ತು, ಪುಸ್ತಕದಲ್ಲಿ ಒಂಬತ್ತು ಅಧ್ಯಾಯ. ನಾನು ಟೊಂಕ ಕಟ್ಟಿ ಕೂತೆ. ಊಟಕ್ಕೆ ಏಳುತ್ತಿರಲಿಲ್ಲ, ಖುಬ್ಬೂಸ್ ರೊಟ್ಟಿ ಒಂದು ಕೈಯಲ್ಲಿ, ಕೀಬೋರ್ಡ್ ಇನ್ನೊಂದು ಕೈಯಲ್ಲಿ.

ಮೇಜರರಿಗೂ ಹಿಂದಿನ ಕಾಲದಲ್ಲಿ ಪಟಾಲಂ ನಿಜವಾದ ಯುದ್ಧಕ್ಕೂ ಹೋಗಿತ್ತಂತೆ. ಆ ಕಾಲದ ಅಧ್ಯಾಯಕ್ಕೆ ಸತ್ತವರ, ಕಾಣೆಯಾದವರ ಪಟ್ಟಿ ಮಾಡಬೇಕಿತ್ತು. ಮಾಸಿದ ರಿಜಿಸ್ಟರ್ ಇಟ್ಟುಕೊಂಡು ಹೆಸರು, ನಂಬರು, ಏನಾಯಿತು ಅಂತ ಒಂದೊಂದೇ ಟೈಪ್ ಮಾಡುತ್ತಿದ್ದೆ. ಓದುತ್ತ ಓದುತ್ತ ಮನಸ್ಸು ಭಾರವಾಗುತ್ತಿತ್ತು. ಎಲ್ಲ ಇಪ್ಪತ್ತು, ಇಪ್ಪತ್ತೊಂದು ವರ್ಷದ ಹುಡುಗರು. ನಡುವೆ ಒಂದು ಹೆಸರು ಬಂತು. ಅದರ ಎದುರು ನಂಬರ್ ಇತ್ತು, ಊರಿನ ಹೆಸರು ಇರಲಿಲ್ಲ, ತಂದೆತಾಯಿಯ ಹೆಸರು ಇರಲಿಲ್ಲ. ಕೊನೆಯ ಕಾಲಮಿನಲ್ಲಿ ಹೀಗೆ ಬರೆದಿತ್ತು: ‘ಸಂದೇಶ ಹೊತ್ತು ಹೋದವನು ಮರಳಲಿಲ್ಲ. ಯಾರೋ ತಿಂದಿರಬೇಕೆಂದು ನಂಬಲಾಗಿದೆ.’

ನನ್ನ ಕೈ ನಿಂತಿತು. ಯುದ್ಧದಲ್ಲಿ ಏನೇನೋ ಆಗುತ್ತದೆ ಅಂತ ಕೇಳಿದ್ದೆ, ಇಷ್ಟು ದೂರ ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಟೆಕ್ನಿಷಿಯನ್ನಿಗೆ ತೋರಿಸಿದೆ. ಅವನು ಓದಿ, ತನ್ನ ಊಟದ ಡಬ್ಬಿ ಮುಚ್ಚಿ, “ಖಲಾಸ್” ಅಂದ.

ಮೇಜರರ ಹತ್ತಿರ ಹೋಗಿ ಮೆಲ್ಲನೆ ಹೇಳಿದೆ. “ಸರ್, ಇದೊಂದು ಹೆಸರು ಪುಸ್ತಕದಲ್ಲಿ ಬೇಡ. ಅವನ ಮನೆಯವರು ಯಾರಾದರೂ ಓದಿದರೆ ಹೇಗಾದೀತು.”

ಮೇಜರ್ ನೋಡಿದರು. “ಇದು ಪಾರಿವಾಳ” ಅಂದರು. ಆ ಕಾಲದಲ್ಲಿ ವಯರ್‌ಲೆಸ್ ಕೆಟ್ಟರೆ ಪಾರಿವಾಳದ ಕಾಲಿಗೆ ಚೀಟಿ ಕಟ್ಟಿ ಬಿಡುತ್ತಿದ್ದರಂತೆ, ಒಂದೊಂದಕ್ಕೂ ಹೆಸರು ನಂಬರು ಇರುತ್ತಿತ್ತಂತೆ.

ನನಗೆ ಹೋದ ಜೀವ ಬಂತು. ಹಾಗಾದರೆ ಪಟ್ಟಿಯಿಂದ ತೆಗೆಯುತ್ತೇನೆ ಅಂದೆ. ಮೇಜರರಿಗೆ ಅದು ಹಿಡಿಸಲಿಲ್ಲ. “ಯಾಕೆ ತೆಗೆಯುವುದು? ಕೊಟ್ಟ ಕೆಲಸಕ್ಕೆ ಹೋಗಿದೆ. ರಜೆ ಕೇಳಲಿಲ್ಲ” ಅಂದರು.

ಮುಖಪುಟ

ಪುಸ್ತಕಕ್ಕೆ ಒಂದು ಮುಖಪುಟ ಬೇಕು. ಬಯಲಿನಲ್ಲಿ ಏರಿಯಲ್, ಅಂದರೆ ಮಾತು ಕಳಿಸುವ ಹಿಡಿಯುವ ತಂತಿ, ಕಟ್ಟಿದ ಒಂದು ವಯರ್‌ಲೆಸ್ ಠಾಣೆಯ ಫೋಟೋ ಆಗಬೇಕು, ಹಳೇ ಫೋಟೋ ಎಲ್ಲ ಮಸುಕಾಗಿದೆ, ಹೊಸತಾಗಿ ತೆಗೆಯೋಣ ಅಂತ ಮೇಜರ್. ಅಂಗಡಿಯ ಹಿಂದೆ ಖಾಲಿ ಜಾಗ ಉಂಟು. ಅಲ್ಲಿ ಎರಡು ಕಂಬ ನಿಲ್ಲಿಸಿ, ನಡುವೆ ತಾಮ್ರದ ತಂತಿ ಎಳೆದು ಕಟ್ಟಿದೆವು. ಕೆಳಗೆ ಮೇಜು, ಮೇಜಿನ ಮೇಲೆ ಹಳೇ ಸೆಟ್ಟು. ತಂತಿ ಇಷ್ಟೇ ಬಿಗಿ ಇರಬೇಕು, ಇಷ್ಟೇ ಎತ್ತರ ಇರಬೇಕು ಅಂತ ಮೇಜರ್ ಬೆಳಿಗ್ಗೆಯಿಂದ ಅಳೆದದ್ದೇ ಅಳೆದದ್ದು. ಬಿಸಿಲು ಇಳಿಯಲಿ, ಸಂಜೆ ಐದಕ್ಕೆ ಫೋಟೋ ತೆಗೆಯೋಣ ಅಂತ ಒಳಗೆ ಬಂದು ಕೂತೆವು.

ಐದಕ್ಕೆ ಹೋಗಿ ನೋಡಿದರೆ ತಂತಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬಟ್ಟೆ. ಎರಡೂ ಗ್ಯಾರೇಜಿನವರು ತೊಳೆದ ಡಾಂಗ್ರಿ, ಬನಿಯನ್ನು, ಲುಂಗಿ. ಅವರದ್ದು ತಪ್ಪಿಲ್ಲ ಮಾರಾಯ್ರೆ. ಅಷ್ಟು ಚಂದದ ತಂತಿ ಕಟ್ಟಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಒಬ್ಬ ಬಂದು ನಮ್ಮ ಟೆಕ್ನಿಷಿಯನ್ನಿನ ಕೈ ಹಿಡಿದು, ಬಹಳ ಪುಣ್ಯದ ಕೆಲಸ ಮಾಡಿದಿರಿ ಅಂತ ಬೇರೆ ಹೇಳಿದ.

ಮೇಜರ್ ಸಿಟ್ಟಿನಲ್ಲೇ ಒಂದು ಫೋಟೋ ತೆಗೆದು, ನೋಡಿ ಇಂಥಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ ಅಂತ ಹಳಬರ ಸಂಘಕ್ಕೆ ಕಳಿಸಿದರು. ಮರುದಿನ ಉತ್ತರ ಬಂತು. ಇದೇ ಫೋಟೋ ಮುಖಪುಟಕ್ಕೆ ಹಾಕಬೇಕು, ನಮ್ಮ ಕ್ಯಾಂಪು ಇಷ್ಟು ನಿಜವಾಗಿ ಬಂದ ಚಿತ್ರ ಇನ್ನೊಂದಿಲ್ಲ, ಆ ಪಟ್ಟೆಪಟ್ಟೆ ಲುಂಗಿ ಯಾವ ಅಧಿಕಾರಿಯದ್ದು ಅಂತ ಮಾತ್ರ ನೆನಪಾಗುತ್ತಿಲ್ಲ.

ಸೋಫಾದ ಮೇಲೆ

ಹಳಬರ ಸಂಘದವರದ್ದು ಒಂದು ಕಾನೂನು ಇತ್ತು. ಯಾರು ಏನು ಬೇಕಾದರೂ ಬರೆಯಬಾರದು, ಮೇಜರರ ಕಾಲದ ಪ್ರತಿ ಅಧ್ಯಾಯಕ್ಕೂ ಆಗ ಜೊತೆಗಿದ್ದ ಇಬ್ಬರ ಸಹಿ ಬೇಕು. ಒಂದು ಸಹಿ ಮೇಜರರದ್ದು. ಇನ್ನೊಂದಕ್ಕೆ, ಮೇಜರರ ಜೊತೆಗೇ ಕೆಲಸ ಮಾಡಿದವರಲ್ಲಿ ಉಳಿದದ್ದು ಒಬ್ಬರೇ, ಅವರ ಕೈಕೆಳಗಿದ್ದ ಸಾರ್ಜೆಂಟ್. ಅದೃಷ್ಟಕ್ಕೆ ಅವರು ಅಬುಧಾಬಿಯಲ್ಲೇ ಇದ್ದರು. ಮಗಳಿಗೆ ಅಲ್ಲಿ ಟೀಚರ್ ಕೆಲಸ, ಖಾಲಿದಿಯಾದಲ್ಲಿ ಫ್ಲ್ಯಾಟು, ಹೆಂಡತಿ ತೀರಿಹೋದ ಮೇಲೆ ಅಪ್ಪನೂ ಮಗಳ ಜೊತೆಗೇ ಬಂದು ಕೂತಿದ್ದಾರೆ.

ಒಂದು ಶನಿವಾರ ಮೇಜರ್ ತಮ್ಮ ಗಾಡಿಯಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ಹಳೇ ಸ್ನೇಹಿತರು, ಅಪ್ಪಿಕೊಂಡು ಮಾತಾಡುತ್ತಾರೆ, ನಾನು ಒಂದು ಮೂಲೆಯಲ್ಲಿ ತೂಕಡಿಸಬಹುದು ಅಂತ ನನ್ನ ಲೆಕ್ಕಾಚಾರ. ಒಳಗೆ ಹೋದರೆ ಉದ್ದದ ಒಂದು ಸೋಫಾ. ಸಾರ್ಜೆಂಟ್ ಈ ತುದಿಯಲ್ಲಿ ಕೂತರು, ಮೇಜರ್ ಆ ತುದಿಯಲ್ಲಿ ಕೂತರು. ಇಬ್ಬರೂ ಎದುರಿನ ಗೋಡೆ ನೋಡುತ್ತ ಕೂತರು. ಸಾರ್ಜೆಂಟರ ಮಗಳು ನನಗೆ ನಡುವೆ ಜಾಗ ತೋರಿಸಿ, “ನೀವು ಇಲ್ಲಿ ಕೂರಿ, ಇಲ್ಲದಿದ್ದರೆ ಆಗುವುದಿಲ್ಲ” ಅಂದಳು.

ಸ್ವಲ್ಪ ಹೊತ್ತಾದ ಮೇಲೆ ಮೇಜರ್ ನನ್ನ ಕಡೆ ತಿರುಗಿ, “ಸಾರ್ಜೆಂಟರಿಗೆ ಹೇಳಿ, ನೋಡಿ ಸಂತೋಷವಾಯಿತು. ಓವರ್” ಅಂದರು.

ಓವರ್ ಅಂದರೆ ವಯರ್‌ಲೆಸ್ಸಿನಲ್ಲಿ, ನನ್ನದು ಮುಗಿಯಿತು, ಇನ್ನು ನಿಮ್ಮದು ಅಂತ. ನಾನು ಬಲಗಡೆ ತಿರುಗಿ ಹೇಳಿದೆ. ಸಾರ್ಜೆಂಟ್ ನನಗೆ, “ಮೇಜರರಿಗೆ ಹೇಳಿ, ಮೊಣಕಾಲು ಹೇಗಿದೆ. ಓವರ್” ಅಂದರು.

ಎಡಗಡೆ ತಿರುಗಿ ಹೇಳಿದೆ. ಹೀಗೆ ಒಂದೂವರೆ ಗಂಟೆ. ಅವರು ಹೇಳಿದ್ದನ್ನು ನಾನು ತಿರುಗಿ ಹೇಳಿ ಸರಿ ಅನಿಸಿಕೊಂಡು, ಮತ್ತೆ ಆಚೆಗೆ ದಾಟಿಸಬೇಕು. ಇಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತಿತ್ತು. ಒಂದು ಸಲ ಮೇಜರ್ ಏನೋ ತಮಾಷೆ ಮಾಡಿದರು. ಸಾರ್ಜೆಂಟರಿಗೆ ನಗು ಬಂತು. ತುಟಿ ಕಚ್ಚಿ ತಡೆದುಕೊಂಡು, ನಾನು ತಿರುಗಿ ಹೇಳಿದ ಮೇಲೆಯೇ ನಕ್ಕರು.

ನಲವತ್ತು ವರ್ಷದಿಂದ ಹೀಗೇ ಅಂತೆ. ಜಗಳವಿಲ್ಲ, ಬೈಗಳವಿಲ್ಲ, ನೇರ ಮಾತೂ ಇಲ್ಲ. ಕಾರಣ ಮಗಳಿಗೂ ಗೊತ್ತಿಲ್ಲ. ಬಾಗಿಲವರೆಗೆ ಬಂದು ಅವಳು ನನ್ನ ಕೈಗೆ ಒಂದು ಕೇಕಿನ ಕಟ್ಟು ಕೊಟ್ಟಳು. “ಇವತ್ತು ನೀವಿದ್ದಿರಿ, ನಾನು ಅಡಿಗೆ ಮಾಡಿಕೊಂಡೆ” ಅಂದಳು.

ಮೌನಕ್ಕೆ ಬಂದ ಪದಕ

ಅಂತೂ ಎಂಟು ಅಧ್ಯಾಯ ಮುಗಿಯಿತು, ಸಹಿ ಬೇಕಾದದ್ದಕ್ಕೆ ಸಹಿಯೂ ಬಿತ್ತು. ಒಕ್ಕಲಿಗೆ ಹತ್ತು ದಿನ ಉಳಿದಿತ್ತು. ಒಂಬತ್ತನೆಯದಕ್ಕೆ ಸಾರ್ಜೆಂಟ್ ಸಹಿ ಹಾಕುವುದಿಲ್ಲ ಅಂತ ಕೂತರು.

ಆ ಅಧ್ಯಾಯ ಪಟಾಲಮಿನ ದೊಡ್ಡ ಹೆಮ್ಮೆಯದ್ದು. ನಲವತ್ತು ವರ್ಷದ ಹಿಂದೆ ಒಂದು ವಾರಾಂತ್ಯ ದೊಡ್ಡ ಕವಾಯತು ನಡೆಯಿತಂತೆ, ಮೂರು ನಾಲ್ಕು ಪಟಾಲಂ ಸೇರಿ, ಸುಳ್ಳುಯುದ್ಧ. ಶತ್ರುವಿನ ಕಡೆಯವರು ವಯರ್‌ಲೆಸ್ ಕದ್ದು ಕೇಳಿ ನಿಮ್ಮ ಜಾಗ ಹಿಡಿಯುತ್ತಾರೆ, ಅಗತ್ಯ ಇದ್ದರೆ ಮಾತ್ರ ಮಾತಾಡಿ ಅಂತ ಆರ್ಡರು. ಮೇಜರ್ ಆಗ ಎಳೆಯ ಲೆಫ್ಟಿನೆಂಟು. ಅವರೂ ಸಾರ್ಜೆಂಟರೂ ಒಂದು ಗುಡ್ಡದ ಮೇಲೆ ಸೆಟ್ಟು ಇಟ್ಟುಕೊಂಡು ಮೂರು ದಿನ ಕೂತರು. ಇವರು ಸಂದೇಶ ಕಳಿಸುತ್ತಿದ್ದರು. ಅತ್ತಲಿಂದ ಉತ್ತರವೇ ಇಲ್ಲ. ಆಹಾ, ನಮ್ಮವರಿಗೆ ಎಂಥ ಶಿಸ್ತು, ಒಂದು ಮಾತೂ ಆಡುವುದಿಲ್ಲ ಅಂತ ಇವರು ಮೆಚ್ಚಿಕೊಂಡರು.

ಭಾನುವಾರ ಫಲಿತಾಂಶ ಬಂತು. ಶತ್ರುಗಳಿಗೆ ಎಲ್ಲ ಪಟಾಲಮಿನ ಜಾಗವೂ ಸಿಕ್ಕಿತ್ತು, ಇವರದ್ದೊಂದು ಬಿಟ್ಟು. ಜನರಲ್ ಸಾಹೇಬರು ಸ್ವತಃ ಗುಡ್ಡ ಹತ್ತಿ ಬಂದು ಕೈಕುಲುಕಿದರು. ಇಷ್ಟು ನಿಶ್ಶಬ್ದವಾದ ಸಿಗ್ನಲ್ಸ್ ಪಟಾಲಂ ನನ್ನ ಜೀವಮಾನದಲ್ಲಿ ನೋಡಿಲ್ಲ ಅಂದರು. ಒಂದು ಬೆಳ್ಳಿ ಪದಕ ಕೊಟ್ಟರು. ಅದು ಇವತ್ತಿಗೂ ಇಂಗ್ಲೆಂಡಿನ ಅವರ ಸಭಾಂಗಣದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಉಂಟು.

ಸಾಮಾನು ಕಟ್ಟುವಾಗ ನೋಡಿದರೆ ಏರಿಯಲಿನ ವಯರನ್ನು ಸೆಟ್ಟಿಗೆ ಸಿಕ್ಕಿಸಿಯೇ ಇರಲಿಲ್ಲ.

ಖಾಲಿದಿಯಾದ ಕದನ

ಈ ಕೊನೆಯ ವಾಕ್ಯ ಮೇಜರ್ ಬರೆದ ಅಧ್ಯಾಯದಲ್ಲಿ ಇರಲಿಲ್ಲ. ನನಗೆ ಅದು ಗೊತ್ತಾದದ್ದು ಎರಡನೇ ಸಲ ಖಾಲಿದಿಯಾಕ್ಕೆ ಹೋದ ಶನಿವಾರ. ಬುಧವಾರಕ್ಕೆ ನನ್ನ ವಿಮಾನ, ಅದರ ಮುಂದಿನ ಸೋಮವಾರ ಒಕ್ಕಲು. ಟಿಕೆಟ್ ನನ್ನ ಧೈರ್ಯದ ಮೇಲೆ ತೆಗೆದಾಗಿತ್ತು, ರಜೆಯ ಫಾರಂ ಜೇಬಿನಲ್ಲಿ ಸಹಿ ಇಲ್ಲದೆ ಮಡಚಿಕೊಂಡಿತ್ತು. ಹಿಂದಿನ ದಿನ ಹೆಂಡತಿ ಫೋನಿನಲ್ಲಿ ಜಾಸ್ತಿ ಮಾತಾಡಿರಲಿಲ್ಲ. “ಈ ಸಲವೂ ಆಗದಿದ್ದರೆ ಹೇಳಿಬಿಡಿ, ಮನೆ ಬಾಡಿಗೆಗೆ ಕೊಡೋಣ. ಗುಡಿಸಿ ಗುಡಿಸಿ ನನಗೆ ಸಾಕಾಗಿದೆ” ಅಂದಿದ್ದಳು. ಅವಳು ಬೈದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಸೋಫಾದ ನಡುವೆ ಕೂತೆ. ಮೇಜರ್, “ಸಾರ್ಜೆಂಟರಿಗೆ ಹೇಳಿ, ಸಹಿ ಯಾಕೆ ಹಾಕುವುದಿಲ್ಲ. ಓವರ್.” ಸಾರ್ಜೆಂಟ್, “ಮೇಜರರಿಗೆ ಹೇಳಿ, ಕಾರಣ ಅವರಿಗೆ ಗೊತ್ತಿದೆ. ಓವರ್.” ಮೇಜರ್, “ನನಗೆ ಗೊತ್ತಿದೆ ಅಂತ ಅವರಿಗೆ ಹೇಗೆ ಗೊತ್ತು ಅಂತ ಕೇಳಿ. ಓವರ್.” ಮುಕ್ಕಾಲು ಗಂಟೆ ಇದೇ ಆಯಿತು. ನನ್ನ ಕುತ್ತಿಗೆ ಆಚೆ ಈಚೆ ತಿರುಗಿ ಉಳುಕಿತು. ಕೊನೆಗೆ ಎದ್ದು ನಿಂತೆ. ಇಪ್ಪತ್ತೆರಡು ವರ್ಷದಲ್ಲಿ ಯಾವ ಯಜಮಾನನ ಎದುರೂ ಹಾಗೆ ಎದ್ದು ನಿಂತವನಲ್ಲ.

“ನಾನು ಕೆಳಗೆ ಹೋಗಿ ಒಂದು ಕರಕ್ ಚಹಾ ಕುಡಿದು ಬರುತ್ತೇನೆ. ನೀವಿಬ್ಬರೂ ಮಾತು ಮುಟ್ಟಿಸುವ ಕೆಲಸ ಕಲಿತವರಲ್ಲವಾ. ಮುಟ್ಟಿಸಿಕೊಳ್ಳಿ” ಅಂದೆ.

ಚಹಾ ಕುಡಿದು, ಇನ್ನೊಂದು ಚಹಾ ಕುಡಿದು, ಅರ್ಧ ಗಂಟೆ ಬಿಟ್ಟು ಮೇಲೆ ಬಂದರೆ ಲಿಫ್ಟಿನ ಹತ್ತಿರವೇ ಕೂಗಾಟ ಕೇಳುತ್ತಿತ್ತು. ಮಗಳು ಬಾಗಿಲಲ್ಲಿ ಗಾಬರಿಯಾಗಿ ನಿಂತಿದ್ದಳು. ಹೊಡೆದಾಡುತ್ತಿದ್ದಾರಾ ಅಂತ ಕೇಳಿದೆ. ಇಲ್ಲ, ಆದರೆ ಸದ್ಯದಲ್ಲೇ ಶುರುವಾಗಬಹುದು ಅಂದಳು.

“ನಾನೇ” ಅಂತ ಮೇಜರ್ ಕೂಗುತ್ತಿದ್ದರು. “ಶುಕ್ರವಾರ ಮಂಚ ಹಾಕಲು ಜಾಗ ಬೇಕು ಅಂತ ವಯರ್ ಕಿತ್ತವನು ನಾನು. ವಾಪಸ್ ಸಿಕ್ಕಿಸಲು ಮರೆತೆ. ನಿಮಗೆ ಗೊತ್ತಾಗಿದೆ, ನನ್ನ ಮರ್ಯಾದೆ ಉಳಿಸಲು ಸುಮ್ಮನಿದ್ದೀರಿ ಅಂತ ನಲವತ್ತು ವರ್ಷ ನಿಮ್ಮ ಮುಖ ನೋಡಲು ನಾಚಿಕೆ ನನಗೆ.”

“ನೀವಲ್ಲ, ನಾನು” ಅಂತ ಸಾರ್ಜೆಂಟ್. “ದಿನಾ ಬೆಳಿಗ್ಗೆ ವಯರ್ ನೋಡುವ ಕೆಲಸ ನನ್ನದು. ಮೂರು ದಿನವೂ ನೋಡಲಿಲ್ಲ, ನೋಡಿದೆ ಅಂತ ರಿಜಿಸ್ಟರಿನಲ್ಲಿ ಬರೆದೆ. ನಿಮಗೆ ಗೊತ್ತಾಗಿ ನನ್ನನ್ನು ಬಿಟ್ಟುಕೊಟ್ಟಿಲ್ಲ ಅಂತ ನಲವತ್ತು ವರ್ಷ ನಿಮ್ಮ ಜೊತೆ ಮಾತಾಡಲು ಬಾಯಿ ಬರಲಿಲ್ಲ.”

ನಾನು ಜೇಬಿನ ಫಾರಂ ಮುಟ್ಟಿ ನೋಡಿಕೊಂಡೆ. ಸದ್ಯ, ಇನ್ನು ಸಹಿ ಬೀಳುತ್ತದೆ ಅಂದುಕೊಂಡೆ.

ಎಲ್ಲಿಯ ಸಹಿ. ಈಗ ಸತ್ಯವನ್ನೇ ಬರೆಯಬೇಕು ಅಂತ ಇಬ್ಬರಿಗೂ ಹಟ ಬಂತು. ಏರಿಯಲ್ ಸಿಕ್ಕಿಸದವನು ತಾನು ಅಂತ ಬರೆದರೆ ಮಾತ್ರ ಸಹಿ ಅಂತ ಮೇಜರ್. ಅಧಿಕಾರಿಯ ಹೆಸರು ಹಾಳು ಮಾಡಲು ಬಿಡುವುದಿಲ್ಲ, ತನ್ನ ಹೆಸರೇ ಆಗಬೇಕು ಅಂತ ಸಾರ್ಜೆಂಟ್. ಇಬ್ಬರದ್ದೂ ತಪ್ಪು ಅಂತ ಬರೆಯೋಣ ಅಂದೆ. ಒಂದು ವಯರಿಗೆ ಇಬ್ಬರು ಹೊಣೆ ಅಂತ ಸೈನ್ಯದಲ್ಲಿ ಇಲ್ಲವಂತೆ, ಒಬ್ಬನೇ ಆಗಬೇಕಂತೆ. ಒಂದು ಗಂಟೆಯಾಯಿತು, ಎರಡು ಗಂಟೆಯಾಯಿತು. ಮಗಳು ಊಟ ತಂದಿಟ್ಟಳು, ಅದು ತಣ್ಣಗಾಯಿತು.

ನನಗೆ ಸೋಮವಾರದ ಒಕ್ಕಲು ಕಣ್ಣ ಮುಂದೆ ಬಂತು. ಉಸ್ತಾದರು ಬಂದು ಕೂತಿದ್ದಾರೆ, ಬಿರಿಯಾನಿ ದಮ್ಮಿಗೆ ಇಟ್ಟಿದೆ, ಹೆಂಡತಿ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಾಳೆ.

“ಸರ್” ಅಂದೆ. “ನನ್ನ ಹೆಸರು ಬರೆಯಿರಿ.”

ಇಬ್ಬರೂ ನನ್ನ ಕಡೆ ತಿರುಗಿದರು.

“ಏರಿಯಲ್ ಸಿಕ್ಕಿಸದವನು ನಾನು ಅಂತ ಬರೆಯಿರಿ. ನನ್ನ ರಜೆಗೆ ಸಹಿ ಹಾಕುತ್ತೀರಾದರೆ ಎರಡನೇ ಮಹಾಯುದ್ಧ ಶುರು ಮಾಡಿದವನೂ ನಾನೇ ಅಂತ ಬೇಕಾದರೆ ಬರೆಯಿರಿ.”

ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಮೇಜರ್ ಸಾರ್ಜೆಂಟರನ್ನು ನೋಡಿದರು, ಸಾರ್ಜೆಂಟ್ ಮೇಜರರನ್ನು ನೋಡಿದರು. “ಒಳ್ಳೆಯ ಪರಿಹಾರ” ಅಂದರು ಮೇಜರ್. “ಯಾರಿಗೂ ಅನ್ಯಾಯವಿಲ್ಲ” ಅಂದರು ಸಾರ್ಜೆಂಟ್. ಹಾಗೆ ಆ ದೇಶದ ಆ ಪಟಾಲಮಿನ ಅಧಿಕೃತ ಚರಿತ್ರೆಯ ಒಂಬತ್ತನೇ ಅಧ್ಯಾಯದಲ್ಲಿ, ಸಿಗ್ನಲ್‌ಮನ್ ಅಂತ ಮುಂದೆ ಸೇರಿಸಿ, ನನ್ನ ಹೆಸರು ಅಚ್ಚಾಗಿದೆ. ಆ ವಾರಾಂತ್ಯ ನಾನು ನಿಜವಾಗಿ ಎಲ್ಲಿದ್ದೆ ಅಂತ ಕೇಳಿದರೆ, ಊರಿನ ಶಾಲೆಯಲ್ಲಿ ಎರಡನೇ ಕ್ಲಾಸಿನಲ್ಲಿ.

ಇಬ್ಬರೂ ಸಹಿ ಹಾಕಿದರು. ನಾನು ರಜೆಯ ಫಾರಂ ಬಿಡಿಸಿ ಮೇಜರರ ಮುಂದಿಟ್ಟೆ. ಅವರು ಪೆನ್ನು ಎತ್ತಿದರು. ಅಷ್ಟರಲ್ಲಿ ಸಾರ್ಜೆಂಟ್ ಬಗ್ಗಿ ಓದಿ, ನಾನು ನಡುವೆ ಇಲ್ಲದೆ, ನೇರವಾಗಿ ಮೇಜರರಿಗೇ ಹೇಳಿದರು.

“ಮೂವತ್ತು ದಿನವಾ ಸರ್? ಅಷ್ಟು ದೊಡ್ಡ ತಪ್ಪು ಮಾಡಿದವನಿಗೆ?”

ಮೇಜರ್ ಯೋಚನೆ ಮಾಡಿದರು. “ನೀವು ಹೇಳುವುದರಲ್ಲಿ ನ್ಯಾಯ ಉಂಟು ಸಾರ್ಜೆಂಟ್” ಅಂದರು. ಮೂವತ್ತು ಹೊಡೆದು ಇಪ್ಪತ್ತೆಂಟು ಅಂತ ಬರೆದು ಸಹಿ ಹಾಕಿದರು. ನಲವತ್ತು ವರ್ಷದ ಬಳಿಕ ಅವರಿಬ್ಬರೂ ಮೊದಲ ಸಲ ಒಮ್ಮತಕ್ಕೆ ಬಂದದ್ದು ನನ್ನ ಎರಡು ದಿನದ ರಜೆ ಕತ್ತರಿಸುವುದರಲ್ಲಿ.

ನಾನು ಚರ್ಚೆ ಮಾಡಲಿಲ್ಲ. ಬುಧವಾರ ವಿಮಾನ ಹತ್ತಿದರೆ ಸಾಕಾಗಿತ್ತು. ಕೆಳಗೆ ಬಂದು ಹೆಂಡತಿಗೆ ಫೋನ್ ಮಾಡಿ, ಬರುತ್ತೇನೆ, ಸಹಿ ಬಿತ್ತು, ಆದರೆ ಎರಡು ದಿನ ಕಡಿಮೆ ಅಂದೆ.

“ಎರಡು ದಿನ ಯಾಕೆ ಕಡಿಮೆ?” ಅಂತ ಕೇಳಿದಳು.

ವಿವರಿಸಲು ನನಗೆ ತ್ರಾಣ ಇರಲಿಲ್ಲ. “ನಲವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಒಂದು ಗುಡ್ಡದ ಮೇಲೆ ಸೈನ್ಯದ ರೇಡಿಯೋಕ್ಕೆ ನಾನು ವಯರ್ ಸಿಕ್ಕಿಸಿರಲಿಲ್ಲ. ಅದಕ್ಕೆ ಶಿಕ್ಷೆ” ಅಂದೆ.

ಇವಳಾದರೂ ನನ್ನ ಪರವಾಗಿ ಎರಡು ಮಾತು ಆಡುತ್ತಾಳೆ ಅಂತ ಕಾದೆ.

“ಸಿಕ್ಕಿಸಿರಲಿಕ್ಕಿಲ್ಲ” ಅಂದಳು. “ಹೋದ ಸಲ ನಾಲ್ಕು ದಿನಕ್ಕೆ ಬಂದಾಗ ಫ್ರಿಜ್ಜಿನ ವಯರನ್ನೂ ನೀವು ಹಾಗೇ ಮಾಡಿ ಹೋದದ್ದು. ಒಂದು ವಾರದ ಮೀನು ಹಾಳಾಯಿತು.”